ಗಂಧವಹನ ಹೊರೆ

ಗಾಳಿಗೆ ಸಂಸ್ಕೃತದಲ್ಲಿ ಹೆಸರುಗಳು ಹಲವು. ಅನಿಲ, ಪವನ, ಸದಾಗತಿ, ಮಾತರಿಶ್ವ ಎಂದು ಅಮರಕೋಶವನ್ನು ಬಾಯಿಪಾಠ ಮಾಡಿದ ಹಿರಿಯರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದರು. ಆ ಪಟ್ಟಿಯಲ್ಲಿ ಗಂಧವಹ ಎಂಬುದೂ ಒಂದು. ತರಗತಿಯಲ್ಲಿ ಈ ಸಮಾಸವನ್ನು ಬಿಡಿಸುವಾಗ, ಗಂಧವನ್ನು ವಹಿಸುವವನು, ಅಂದರೆ ಕಂಪಿನ ಹೊರೆ ಹೊರುವ ಆಳು, ಎಂದು ನಾನು ಅರ್ಥ ಹೇಳುವುದುಂಟು. ಕವಿಗೆ ಅಷ್ಟು ಸಾಕು. ಆದರೆ ಹೊರೆ ಎಂದಮೇಲೆ ಅದಕ್ಕೊಂದು ತೂಕವಿರಬೇಕಷ್ಟೆ. ಆ ತೂಕವೆಷ್ಟು? ಸಂಪಿಗೆಯ ಮರದ ಕೆಳಗೆ, ನೀಲಗಿರಿಯ ತೋಪಿನ ಬದಿಯಲ್ಲಿ, ಮಲೆನಾಡಿನ ಕಾಡಿನ ದಾರಿಯಲ್ಲಿ ನಮ್ಮ ಮೂಗಿಗೆ ತಾಗಿ ಹೋಗುವ ಆ ವಸ್ತು ಲೋಕಕ್ಕೆಲ್ಲ ಸೇರಿ ವರ್ಷಕ್ಕೆ ಎಷ್ಟು ಟನ್ನು?

ಇದು ಹುಡುಗಾಟದ ಪ್ರಶ್ನೆಯಂತೆ ಕಂಡೀತು. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಲವು ಮಂದಿ ವಿಜ್ಞಾನಿಗಳು ಈ ಪ್ರಶ್ನೆಯ ಬೆನ್ನು ಹತ್ತಿ ಕಾಡುಮೇಡು ಅಲೆದರು. ಅವರ ಲೆಕ್ಕದ ಮೇಲೆ ನಗರಗಳ ಗಾಳಿಯ ವ್ಯಾಜ್ಯವೊಂದು ತೀರ್ಮಾನವಾಗಬೇಕಾಯಿತು. ಆ ವ್ಯಾಜ್ಯದಲ್ಲಿ ಆರೋಪಿಯ ಸ್ಥಾನದಲ್ಲಿ ನಿಂತದ್ದು ಮರ. ನಾನು ಕನ್ನಡ ಪಾಠ ಹೇಳುವವನು. ರಸಾಯನಶಾಸ್ತ್ರ ನನ್ನ ವೃತ್ತಿಯಲ್ಲ. ಆದರೂ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮಿತ್ರರೊಬ್ಬರು ತಾಳ್ಮೆಯಿಂದ ವಿವರಿಸಿದ್ದನ್ನೂ ನಾನಾಗಿ ಓದಿಕೊಂಡದ್ದನ್ನೂ ಕೂಡಿಸಿ ಈ ಚರಿತ್ರೆಯನ್ನು ವಾಚಕರ ಮುಂದಿಡಬೇಕೆನಿಸಿತು. ಮರವನ್ನು ಕಡಿಯಬೇಕೆ, ಉಳಿಸಬೇಕೆ ಎಂಬ ಚರ್ಚೆ ನಮ್ಮ ಊರುಗಳಲ್ಲಿಯೂ ದಿನ ಬೆಳಗಾದರೆ ನಡೆಯುವುದರಿಂದ ಇದು ಬರಿಯ ಪರದೇಶದ ಕಥೆಯಲ್ಲ.

ಮೊದಲು ಕಂಪೆಂದರೇನು ಎಂಬುದನ್ನು ನೋಡೋಣ. ಕರ್ಪೂರವನ್ನು ತಟ್ಟೆಯಲ್ಲಿ ಬಿಟ್ಟರೆ ಅದು ದಿನದಿನಕ್ಕೆ ಸಣ್ಣದಾಗಿ ಕೊನೆಗೆ ಇಲ್ಲವಾಗುತ್ತದೆ. ಮನೆಯೆಲ್ಲ ವಾಸನೆ ತುಂಬುತ್ತದೆ. ಇಲ್ಲವಾದದ್ದು ಆವಿಯಾಗಿ ಗಾಳಿಗೆ ಸೇರಿದೆ, ಅಷ್ಟೆ. ಗಿಡಮರಗಳೂ ಹೀಗೆಯೇ ಇಂಗಾಲದ ಸಂಯುಕ್ತಗಳನ್ನು ಆವಿಯಾಗಿ ಬಿಡುತ್ತಿರುತ್ತವೆ. ಪೈನ್ ಮರದ ರಾಳದಿಂದ ತೆಗೆಯುವ ಟರ್ಪೆಂಟೈನಿನಲ್ಲಿರುವ ಪೈನೀನ್, ಕಿತ್ತಳೆಯ ಸಿಪ್ಪೆಯಲ್ಲಿರುವ ಲಿಮೊನೀನ್, ಇವೆರಡೂ ಟರ್ಪೀನ್ ಎಂಬ ಒಂದೇ ಮನೆತನದವು. ಈ ಮನೆತನಕ್ಕೆ ಅಡಿಗಲ್ಲಿನಂತಿರುವ ಸಣ್ಣ ಅಣುವಿನ ಹೆಸರು ಐಸೊಪ್ರೀನ್: ಐದು ಇಂಗಾಲ, ಎಂಟು ಜಲಜನಕ. ಇಂತಹ ಎರಡು ಘಟಕಗಳು ಕೂಡಿದಂತಿರುವುದು ಟರ್ಪೀನ್. ಸಾವಿರಾರು ಘಟಕಗಳು ಕೂಡಿ ಸರಪಳಿಯಾದಂತಿರುವುದು ರಬ್ಬರು. ೧೮೬೦ರಲ್ಲಿ ಗ್ರೆವಿಲ್ ವಿಲಿಯಮ್ಸ್ ಎಂಬ ಇಂಗ್ಲಿಷ್ ರಸಾಯನಜ್ಞರು ರಬ್ಬರನ್ನು ಕಾಯಿಸಿ ಬಟ್ಟಿಯಿಳಿಸಿ ಈ ದ್ರವವನ್ನು ಪಡೆದು ಅದಕ್ಕೆ ಹೆಸರಿಟ್ಟರು. ಅದೇ ವಸ್ತು ಬದುಕಿರುವ ಎಲೆಯಿಂದಲೂ ಹೊರಡುತ್ತದೆಂದು ತಿಳಿಯುವುದಕ್ಕೆ ಇನ್ನೂ ನೂರು ವರ್ಷ ಹಿಡಿಯಿತು.

ಅಷ್ಟು ತಡವಾಗಲು ಕಾರಣವುಂಟು. ಕಂಪನ್ನು ಅಳೆಯುವುದಕ್ಕೆ ಮನುಷ್ಯನಿಗಿದ್ದ ಮೊದಲ ಸಾಧನ ಮೂಗು. ಅದು ಎಷ್ಟು ಸೂಕ್ಷ್ಮವೋ ಅಷ್ಟೇ ನಂಬಲಾಗದ್ದು. ದಿನವೆಲ್ಲ ಮಲ್ಲಿಗೆ ಕಟ್ಟಿ ಮಾರುವವಳಿಗೆ ಸಂಜೆಯ ಹೊತ್ತಿಗೆ ಮಲ್ಲಿಗೆಯ ವಾಸನೆ ತಿಳಿಯದು. ಮೂಗು ದಣಿಯುತ್ತದೆ, ಇದೆ ಎನ್ನಬಲ್ಲದು, ಇಷ್ಟಿದೆ ಎನ್ನಲಾರದು. ಮೇಲಾಗಿ, ಕಾಡುಗಳು ಅತಿ ಹೆಚ್ಚಾಗಿ ಹೊರಬಿಡುವ ಐಸೊಪ್ರೀನು ಮೂಗಿನ ಗಮನಕ್ಕೇ ಬಾರದು. ಹೊರೆಯಲ್ಲಿ ಎಲ್ಲಕ್ಕಿಂತ ಭಾರವಾದ ಮೂಟೆಯೇ ಹೀಗೆ ಕಣ್ಣು ತಪ್ಪಿಸಿಕೊಂಡು ಹೋಗುತ್ತಿತ್ತು.

ಮೂಗು ಸೋತ ಕಡೆಯಲ್ಲಿ ಕಣ್ಣು ಒಂದು ಸುಳಿವು ಕೊಟ್ಟಿತು. ಬೇಸಗೆಯಲ್ಲಿ ಕಾಡು ಹೊದ್ದ ಬೆಟ್ಟಗಳ ಮೇಲೆ ತೆಳುವಾದ ನೀಲಿ ಮಬ್ಬು ನಿಲ್ಲುವುದನ್ನು ಲೋಕದ ಹಲವು ಜನ ಕಂಡಿದ್ದಾರೆ. ಅಮೆರಿಕದ ಪೂರ್ವಭಾಗದ ಬೆಟ್ಟಸಾಲೊಂದಕ್ಕೆ ‘ಬ್ಲೂ ರಿಡ್ಜ್’ ಎಂದೂ ಅದರ ನೆರೆಯದಕ್ಕೆ ‘ಸ್ಮೋಕಿ ಮೌಂಟನ್ಸ್’ ಎಂದೂ ಹೆಸರು. ಆಸ್ಟ್ರೇಲಿಯದಲ್ಲಿ ನೀಲಗಿರಿ ಮರಗಳ ಕಾಡಿರುವ ಬೆಟ್ಟಗಳಿಗೆ ‘ಬ್ಲೂ ಮೌಂಟನ್ಸ್’ ಎಂದು ಹೆಸರು. ನಮ್ಮ ನೆರೆಯ ನೀಲಗಿರಿಯ ಹೆಸರು ಇನ್ನೂ ಹಳೆಯದು. ಹೊಯ್ಸಳ ವಿಷ್ಣುವರ್ಧನನ ಕಾಲದ ಶಾಸನದಲ್ಲಿಯೇ ಆ ಬೆಟ್ಟದ ಪ್ರಸ್ತಾಪವಿದೆ. ಆ ಹೆಸರನ್ನು ಹೊತ್ತ ಮರ ಅಲ್ಲಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅಂದರೆ ಬೆಟ್ಟದಿಂದ ಮರಕ್ಕೆ ಕನ್ನಡದಲ್ಲಿ ಹೆಸರು ಬಂದಿತೇ ಹೊರತು ಮರದಿಂದ ಬೆಟ್ಟಕ್ಕಲ್ಲ. ದೂರದ ಬೆಟ್ಟ ನೀಲಿಯಾಗಿ ಕಾಣುವುದಕ್ಕೆ ನಡುವಣ ಗಾಳಿಯೊಂದೇ ಸಾಕು ಎಂಬುದನ್ನೂ ಇಲ್ಲಿ ಮರೆಯಬಾರದು. ಆದುದರಿಂದ ಕಣ್ಣಿನ ಸಾಕ್ಷ್ಯವನ್ನೂ ಪೂರ್ತಿಯಾಗಿ ನಂಬುವಂತಿರಲಿಲ್ಲ.

ಆದರೂ ಆ ಸಾಕ್ಷ್ಯದಲ್ಲಿ ಹುರುಳಿದ್ದಿತು. ೧೮೬೯ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜಾನ್ ಟಿಂಡಲ್ ಮಹಾಶಯರು ಒಂದು ಗಾಜಿನ ಕೊಳವೆಯಲ್ಲಿ ಅತಿ ವಿರಳವಾದ ಆವಿಗಳನ್ನು ತುಂಬಿ ಅದರೊಳಗೆ ಪ್ರಖರವಾದ ಬೆಳಕನ್ನು ಹಾಯಿಸಿದರು. ಏನೂ ಇಲ್ಲದಂತಿದ್ದ ಕೊಳವೆಯಲ್ಲಿ ಮೆಲ್ಲಗೆ ಒಂದು ನೀಲಿ ಮೋಡ ಹುಟ್ಟಿತು. ಬೆಳಕು ಆವಿಯ ಅಣುಗಳನ್ನು ಒಡೆದು ಅತಿ ಸೂಕ್ಷ್ಮವಾದ ಕಣಗಳನ್ನು ಮಾಡಿತ್ತು. ಆ ಕಣಗಳು ನೀಲಿಯನ್ನು ಹೆಚ್ಚಾಗಿ ಚದುರಿಸುತ್ತಿದ್ದವು. ಕಣ್ಣಿಗೆ ಕಾಣದ ಆವಿ ಬಿಸಿಲಿನಲ್ಲಿ ಕಾಣುವ ಮಬ್ಬಾಗಬಲ್ಲುದು ಎಂಬುದಕ್ಕೆ ಇದು ಪ್ರಯೋಗದ ಆಧಾರ. ಅದನ್ನು ಕಾಡಿನ ಮೇಲಣ ಮಬ್ಬಿಗೆ ಅನ್ವಯಿಸುವ ವಿಜ್ಞಾನಿ ಬರಲು ತೊಂಬತ್ತು ವರ್ಷ ಬೇಕಾಯಿತು. ಅದಕ್ಕೆ ದಾರಿ ಮಾಡಿಕೊಟ್ಟದ್ದು ಕಾಡಲ್ಲ, ಒಂದು ನಗರದ ಕಣ್ಣುರಿ.

ಆ ನಗರ ಲಾಸ್ ಏಂಜಲೀಸ್. ೧೯೪೩ರ ಜುಲೈನಲ್ಲಿ ಅಲ್ಲಿ ಹಾಡುಹಗಲಲ್ಲಿ ಕಂದು ಮಬ್ಬು ಕವಿಯಿತು. ಜನರ ಕಣ್ಣು ಉರಿದು ನೀರಾಡಿತು. ಯುದ್ಧಕಾಲ, ಶತ್ರುಗಳು ವಿಷವಾಯು ಬಿಟ್ಟರೋ ಎಂದು ಹೆದರಿದವರೂ ಇದ್ದರು. ಕೃತಕ ರಬ್ಬರಿಗೆ ಬೇಕಾದ ಸಾಮಗ್ರಿಯನ್ನು ತಯಾರಿಸುತ್ತಿದ್ದ ಕಾರ್ಖಾನೆಯೊಂದರ ಮೇಲೆ ಗುಮಾನಿ ಹೋಯಿತು. ಅದನ್ನು ನಿಲ್ಲಿಸಿದರೂ ಮಬ್ಬು ನಿಲ್ಲಲಿಲ್ಲ. ಆಗ ಈ ಕೆಲಸಕ್ಕೆ ಕೈಯಿಟ್ಟವರು ಪಸಡೀನದ ಕ್ಯಾಲಿಫೋರ್ನಿಯ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿದ್ದ ಆರಿ ಹಾಗೆನ್-ಸ್ಮಿಟ್. ಹಾಲೆಂಡಿನ ಯುಟ್ರೆಕ್ಟಿನಿಂದ ಬಂದ ಇವರು ಸಸ್ಯಗಳ ರಸಾಯನದಲ್ಲಿ ಪಂಡಿತರು. ಆ ಸಮಯದಲ್ಲಿ ಅವರು ಹುಡುಕುತ್ತಿದ್ದುದು ಅನಾನಸ್ ಹಣ್ಣಿನ ಘಮದ ಗುಟ್ಟನ್ನು. ಹಣ್ಣಿನ ಆವಿಯನ್ನು ಅತಿ ಶೀತಲವಾದ ಪಾತ್ರೆಗಳ ಮೂಲಕ ಹಾಯಿಸಿ ಹನಿಗಟ್ಟಿಸುವ ತಮ್ಮ ಉಪಕರಣಕ್ಕೆ ಅವರು ಕಿಟಕಿಯಾಚೆಯ ಗಾಳಿಯನ್ನು ಹೊಗಿಸಿದರು. ಕೆಲವು ಹನಿ ಕಂದುಬಣ್ಣದ ಕಟುದ್ರವ ಸಿಕ್ಕಿತು.

ಆ ಹನಿಗಳ ಹಿಂದೆ ಹೊರಟು ಅವರು ಸೇರಿದ ತೀರ್ಮಾನ ೧೯೫೨ರ ಹೊತ್ತಿಗೆ ಪ್ರಕಟವಾಯಿತು. ಮಬ್ಬಿನ ಮುಖ್ಯ ವಿಷ ಓಜೋನ್. ಅದು ಯಾವ ಚಿಮಣಿಯಿಂದಲೂ ನೇರವಾಗಿ ಬರುವುದಿಲ್ಲ, ಗಾಳಿಯಲ್ಲಿಯೇ ಹುಟ್ಟುತ್ತದೆ. ಪೆಟ್ರೋಲು ಮುಂತಾದವುಗಳ ಆವಿ ಒಂದು ಕಡೆ, ಎಂಜಿನ್ನಿನ ಬಿಸಿಯಲ್ಲಿ ಉಂಟಾಗುವ ಸಾರಜನಕದ ಆಕ್ಸೈಡುಗಳು ಇನ್ನೊಂದು ಕಡೆ. ಬಿಸಿಲು ಪುರೋಹಿತನಂತೆ ನಿಂತು ಇವೆರಡನ್ನೂ ಕೂಡಿಸಿದಾಗ ಓಜೋನ್ ಜನಿಸುತ್ತದೆ. ವಧೂವರರಲ್ಲಿ ಒಬ್ಬರಿಲ್ಲದಿದ್ದರೂ ಈ ಮದುವೆ ನಡೆಯದು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ವ್ಯಾಜ್ಯವೆಲ್ಲ ಇದರ ಮೇಲೆಯೇ ನಿಂತಿದೆ. ಓಜೋನನ್ನು ಅಳೆಯಲು ಅವರು ಬಳಸಿದ ಸಾಧನವೂ ಸ್ವಾರಸ್ಯವಾದದ್ದು: ಬಗ್ಗಿಸಿ ಕಟ್ಟಿದ ರಬ್ಬರಿನ ಪಟ್ಟಿ. ಓಜೋನ್ ಹೆಚ್ಚಿದ್ದಷ್ಟೂ ಅದು ಬೇಗ ಬಿರುಕು ಬಿಡುತ್ತದೆ. ರಬ್ಬರಿನ ಘಟಕ ಐಸೊಪ್ರೀನೆಂದು ಹೇಳಿದೆನಷ್ಟೆ. ರಬ್ಬರನ್ನು ಸೀಳುವ ಓಜೋನ್ ಗಾಳಿಯಲ್ಲಿ ತೇಲುವ ಐಸೊಪ್ರೀನನ್ನೂ ಟರ್ಪೀನುಗಳನ್ನೂ ಬಿಡದು. ಅಳೆಯಹೊರಟವರಿಗೆ ಇದೇ ಮುಂದೆ ದೊಡ್ಡ ತೊಡಕಾಯಿತು.

ಅದೇ ಸಂಸ್ಥೆಯಲ್ಲಿ ಯುಟ್ರೆಕ್ಟಿನವರೇ ಆದ ಮತ್ತೊಬ್ಬರಿದ್ದರು, ಫ್ರಿಟ್ಸ್ ವೆಂಟ್. ಸಸ್ಯಗಳ ಬೆಳವಣಿಗೆಯನ್ನು ನಡೆಸುವ ಆಕ್ಸಿನ್ ಎಂಬ ರಸವನ್ನು ೧೯೨೦ರ ದಶಕದಲ್ಲಿ ಓಟ್ಸ್ ಮೊಳಕೆಯ ಬಾಗುವಿಕೆಯಿಂದ ಅಳೆದು ತೋರಿಸಿ ಹೆಸರಾದವರು. ಲಾಸ್ ಏಂಜಲೀಸಿನ ಮಬ್ಬು ಬೆಳೆಗಳ ಎಲೆಗಳನ್ನು ಸುಡುತ್ತಿದ್ದುದರಿಂದ ಅವರ ಗಮನ ಗಾಳಿಯ ಕಡೆಗೆ ಹರಿಯಿತು. ಊರೂರು ತಿರುಗುವಾಗ ಅವರಿಗೆ ಕಂಡದ್ದು ಇದು: ಕಾರ್ಖಾನೆಯೂ ಇಲ್ಲದ, ಮೋಟಾರೂ ಇಲ್ಲದ ಕಾಡುಗಳ ಮೇಲೂ ನೀಲಿ ಮಬ್ಬು ನಿಂತಿದೆ. ೧೯೬೦ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರು ಬರೆದ ಲೇಖನದ ವಾದ ಟಿಂಡಲ್ಲರ ಕೊಳವೆಯನ್ನು ಕಾಡಿಗೆ ತಂದಂತಿದ್ದಿತು. ಸಸ್ಯಗಳು ಬಿಡುವ ಟರ್ಪೀನುಗಳೇ ಬಿಸಿಲಿನಲ್ಲಿ ಮಾರ್ಪಟ್ಟು ಈ ಮಬ್ಬಾಗುತ್ತವೆ. ಲೋಕದ ಸಸ್ಯಗಳೆಲ್ಲ ಸೇರಿ ಹೀಗೆ ವರ್ಷಕ್ಕೆ ಸುಮಾರು ೧೭ ಕೋಟಿ ೫೦ ಲಕ್ಷ ಟನ್ನಿನಷ್ಟನ್ನು ಗಾಳಿಗೆ ಕೊಡುತ್ತವೆ ಎಂದರು. ಗಂಧವಹನ ಹೊರೆಗೆ ಹೀಗೆ ಒಂದು ಅಂಕಿ ದೊರೆಯಿತು. ಆದರೆ ಇದು ಗಾಳಿಯನ್ನು ಅಳೆದು ಬಂದ ಅಂಕಿಯಲ್ಲ. ಸಸ್ಯಗಳಲ್ಲಿರುವ ತೈಲದಿಂದ ಅಂದಾಜು ಕಟ್ಟಿ ಗುಣಿಸಿದ್ದು. ತಕ್ಕಡಿ ಇನ್ನೂ ಬೇಕಾಗಿತ್ತು.

ಆ ತಕ್ಕಡಿಯ ಕಥೆಯೂ ಎಲೆಯಿಂದಲೇ ಮೊದಲಾಗುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ವಾರ್ಸಾದಲ್ಲಿದ್ದ ಮಿಖಾಯಿಲ್ ತ್ಸ್ವೆಟ್ ಎಂಬ ಸಸ್ಯಶಾಸ್ತ್ರಜ್ಞರು ಎಲೆಯ ರಸವನ್ನು ಸೀಮೆಸುಣ್ಣದ ಪುಡಿ ತುಂಬಿದ ಕೊಳವೆಯಲ್ಲಿ ಇಳಿಸಿ, ಹಸಿರು ಹಳದಿ ಬಣ್ಣಗಳು ಪಟ್ಟೆಪಟ್ಟೆಯಾಗಿ ಬೇರೆಯಾಗುವುದನ್ನು ತೋರಿಸಿದರು. ಬಣ್ಣದ ಬರಹ ಎಂಬರ್ಥದ ಕ್ರೊಮಾಟೊಗ್ರಫಿ ಎಂಬ ಹೆಸರು ಅದಕ್ಕೆ ಬಂದಿತು. ೧೯೫೨ರಲ್ಲಿ ಇಂಗ್ಲೆಂಡಿನ ಜೇಮ್ಸ್ ಮತ್ತು ಮಾರ್ಟಿನ್ ಇದೇ ಉಪಾಯವನ್ನು ಆವಿಗಳಿಗೆ ಅಳವಡಿಸಿದರು. ನನ್ನ ಮಿತ್ರರು ಇದನ್ನು ವಿವರಿಸಿದ ರೀತಿ ನನಗೆ ಹಿಡಿಸಿತು. ಜಾತ್ರೆಯ ಬೀದಿಯಲ್ಲಿ ನೂರು ಮಂದಿ ಒಟ್ಟಿಗೆ ಹೊರಟರೆನ್ನಿ. ಎರಡು ಬದಿಗೂ ಅಂಗಡಿಗಳು. ಬಳೆ, ಬತ್ತಾಸುಗಳ ಮುಂದೆ ನಿಲ್ಲುವವರು ಹಿಂದೆ ಬೀಳುತ್ತಾರೆ. ಯಾವುದಕ್ಕೂ ಮನಸೋಲದವರು ಮೊದಲು ಬೀದಿಯ ಕೊನೆ ಮುಟ್ಟುತ್ತಾರೆ. ಸಣ್ಣ ಕೊಳವೆಯೊಳಗೆ ಸವರಿದ ಎಣ್ಣೆಯಂತಹ ಪದಾರ್ಥಕ್ಕೆ ಒಂದೊಂದು ಆವಿಯೂ ಒಂದೊಂದು ಹೊತ್ತು ಅಂಟಿ ನಿಂತು, ಬೇರೆ ಬೇರೆ ವೇಳೆಗೆ ಹೊರಬರುತ್ತದೆ. ಹೊರಬಂದದ್ದನ್ನು ಜಲಜನಕದ ಜ್ವಾಲೆಯಲ್ಲಿ ಸುಟ್ಟಾಗ ಹುಟ್ಟುವ ಅಲ್ಪ ವಿದ್ಯುತ್ತನ್ನು ಅಳೆದರೆ ಅದು ಎಷ್ಟಿತ್ತೆಂದು ತಿಳಿಯುತ್ತದೆ. ಈ ಜ್ವಾಲೆಯ ಸಾಧನ ೧೯೫೦ರ ದಶಕದ ಕೊನೆಗೆ ಸಿದ್ಧವಾಯಿತು.

ಈ ಯಂತ್ರವನ್ನು ಪ್ರಯೋಗಶಾಲೆಯಿಂದ ಕಾಡಿಗೆ ಕೊಂಡೊಯ್ದವರಲ್ಲಿ ಮುಖ್ಯರು ರೈನ್‌ಹೋಲ್ಡ್ ರಾಸ್ಮುಸೆನ್. ವೆಂಟ್ ಮಹಾಶಯರು ೧೯೫೮ರಲ್ಲಿ ಸೇಂಟ್ ಲೂಯಿಯ ಸಸ್ಯೋದ್ಯಾನಕ್ಕೆ ನಿರ್ದೇಶಕರಾಗಿ ಹೋದಮೇಲೆ ಅಲ್ಲಿ ಅವರ ಬಳಿ ಸಂಶೋಧನೆ ಮಾಡಿದವರು. ೧೯೬೫ರಲ್ಲಿ ಗುರುಶಿಷ್ಯರು ಕೂಡಿ ಪ್ರಕಟಿಸಿದ ಲೇಖನದಲ್ಲಿ ಬಯಲಿನ, ಕಾಡಿನ ಗಾಳಿಯಲ್ಲಿಯೇ ಸಸ್ಯಮೂಲದ ಆವಿಗಳನ್ನು ಅಳೆದ ವಿವರಗಳಿದ್ದವು. ಗಾಳಿಯ ೧೦೦ ಕೋಟಿ ಭಾಗಗಳಲ್ಲಿ ಇವು ಸುಮಾರು ಹತ್ತು ಭಾಗ. ಬೆಂಗಳೂರಿನಂತಹ ಹತ್ತು ನಗರಗಳ ಜನರನ್ನೆಲ್ಲ ಒಂದೇ ಮೈದಾನದಲ್ಲಿ ಕೂಡಿಸಿ, ಅವರೊಳಗೆ ಒಬ್ಬನನ್ನು ಹೆಸರು ಹಿಡಿದು ಕರೆದಂತೆ ಈ ಕೆಲಸ. ಲೋಕದ ಲೆಕ್ಕವೂ ಬೆಳೆಯಿತು: ವರ್ಷಕ್ಕೆ ೪೩ ಕೋಟಿ ೮೦ ಲಕ್ಷ ಟನ್ನು.

ಅಷ್ಟರಲ್ಲಿ ಐಸೊಪ್ರೀನಿನ ಗುಟ್ಟೂ ಬಯಲಾಗಿತ್ತು. ೧೯೫೭ರಲ್ಲಿ ಜಾರ್ಜಿಯದ ಟ್ಬಿಲಿಸಿಯಲ್ಲಿ ಗೀವಿ ಸನಾಡ್ಜೆ ಎಂಬ ವಿಜ್ಞಾನಿ ಎಲೆಗಳು ಅದನ್ನು ಹೊರಬಿಡುವುದನ್ನು ಕಂಡರು. ಅಮೆರಿಕದಲ್ಲಿ ರಾಸ್ಮುಸೆನ್ ತಾವಾಗಿಯೇ ಅದೇ ಸಂಗತಿಯನ್ನು ಗುರುತಿಸಿದರು. ಈ ಆವಿಯ ಸ್ವಭಾವ ವಿಚಿತ್ರ. ಓಕ್, ಪಾಪ್ಲರ್, ನೀಲಗಿರಿ ಇದನ್ನು ಧಾರಾಳವಾಗಿ ಬಿಡುತ್ತವೆ. ಬಿದಿರಿನ ಹಲವು ಜಾತಿಗಳೂ ಬಿಡುತ್ತವೆ. ಮೇಪಲ್ ಮುಂತಾದ ಎಷ್ಟೋ ಮರಗಳು ಬಿಡುವುದೇ ಇಲ್ಲವೆನ್ನಬಹುದು. ಎಲೆಯಲ್ಲಿ ಇದರ ಸಂಗ್ರಹವಿಲ್ಲ. ಬಿಸಿಲು ಬಿದ್ದಾಗ ತಯಾರಾಗಿ ಆಗಲೇ ಹೊರಡುತ್ತದೆ. ಕತ್ತಲಾದರೆ ನಿಲ್ಲುತ್ತದೆ. ಬಿಸಿ ಏರಿದಂತೆ ಹೆಚ್ಚುತ್ತದೆ. ಪೈನ್ ಮರದ ರಾಳದ ಟರ್ಪೀನುಗಳಾದರೋ ಹಗೇವಿನಲ್ಲಿ ಕೂಡಿಟ್ಟ ಧಾನ್ಯದಂತೆ ಒಳಗಿದ್ದು, ರಾತ್ರಿಯಲ್ಲಿಯೂ ಸೋರುತ್ತಿರುತ್ತವೆ. ಆದುದರಿಂದ ಯಾವ ಮರ, ಯಾವ ಹೊತ್ತು, ಎಷ್ಟು ಬಿಸಿ ಎಂಬುದನ್ನು ಹೇಳದೆ ‘ಇಷ್ಟಿದೆ’ ಎಂದರೆ ಅದು ಅಳತೆಯೇ ಆಗುವುದಿಲ್ಲ.

ಬಯಲಿನಲ್ಲಿ ಅಳೆಯುವವರ ಕಷ್ಟಗಳು ಇನ್ನೂ ಇದ್ದವು. ಕೊಂಬೆಗೆ ಪ್ಲಾಸ್ಟಿಕ್ ಚೀಲ ತೊಡಿಸಿ ಅದರೊಳಗಿನ ಗಾಳಿಯನ್ನು ಅಳೆಯುವುದು ಒಂದು ಕ್ರಮ. ಪ್ಯಾಟ್ರಿಕ್ ಝಿಮ್ಮರ್‌ಮನ್ ಎಂಬವರು ಫ್ಲಾರಿಡದಲ್ಲಿ ಈ ರೀತಿ ಹಲವು ಜಾತಿಯ ಗಿಡಮರಗಳನ್ನು ಅಳೆದು ೧೯೭೯ರಲ್ಲಿ ವರದಿ ಕೊಟ್ಟರು. ಆದರೆ ತುಳಸಿಯ ಎಲೆಯನ್ನು ಮುಟ್ಟಿದರೆ ಕಂಪು ಹೆಚ್ಚುವಂತೆ, ಚೀಲ ಕಟ್ಟುವಾಗ ಎಲೆ ನಲುಗಿದರೆ ಆವಿ ಹೆಚ್ಚಾಗಿ ಸಿಡಿಯುತ್ತದೆ. ಗಾಳಿಯನ್ನು ಉಕ್ಕಿನ ಡಬ್ಬಿಯಲ್ಲಿ ಹಿಡಿದೋ, ಆವಿಯನ್ನು ಹೀರುವ ಪುಡಿ ತುಂಬಿದ ನಳಿಗೆಯಲ್ಲಿ ಹಾಯಿಸಿಯೋ ಪ್ರಯೋಗಶಾಲೆಗೆ ತರುವುದು ಇನ್ನೊಂದು ಕ್ರಮ. ಇಲ್ಲಿಯೂ ಮೋಸವಿದೆ. ಗಾಳಿಯೊಂದಿಗೆ ನಳಿಗೆಯೊಳಗೆ ನುಗ್ಗಿದ ಓಜೋನ್ ಅಲ್ಲಿ ಸಿಕ್ಕಿಕೊಂಡ ಟರ್ಪೀನನ್ನು ದಾರಿಯಲ್ಲಿಯೇ ತಿಂದು ಹಾಕುತ್ತದೆ. ಬುತ್ತಿಯ ಗಂಟಿನಲ್ಲಿ ಇರುವೆಯನ್ನೂ ಕಟ್ಟಿಕೊಂಡು ಹೋದ ಹಾಗೆ. ನಳಿಗೆಯ ಬಾಯಲ್ಲಿಯೇ ಓಜೋನನ್ನು ತಡೆದು ನಿಲ್ಲಿಸುವ ವ್ಯವಸ್ಥೆಯನ್ನು ಸಂಶೋಧಕರು ಮಾಡಿಕೊಳ್ಳಬೇಕಾಯಿತು.

ಎಲ್ಲಕ್ಕಿಂತ ದೊಡ್ಡ ತೊಡಕು ಮತ್ತೊಂದು. ಐಸೊಪ್ರೀನ್ ಹಗಲಿನ ಗಾಳಿಯಲ್ಲಿ ಒಂದೆರಡು ಗಂಟೆಗಿಂತ ಹೆಚ್ಚು ಬಾಳುವುದಿಲ್ಲ; ಕೆಲವು ಟರ್ಪೀನುಗಳ ಆಯುಸ್ಸು ನಿಮಿಷಗಳ ಲೆಕ್ಕದ್ದು. ಒಂದು ಕೆರೆಗೆ ಹೊಳೆಯಷ್ಟು ನೀರು ಬಂದು ಬೀಳುತ್ತಿದ್ದರೂ ತೂಬು ಪೂರ್ತಿ ತೆರೆದಿದ್ದರೆ ಕೆರೆಯಲ್ಲಿ ನಿಂತ ನೀರು ಮೊಣಕಾಲುದ್ದವಿದ್ದೀತು. ನಿಂತ ನೀರನ್ನು ನೋಡಿ, ಒಳಹರಿವು ಅಲ್ಪವೆಂದರೆ ತಪ್ಪಾಗುತ್ತದೆ. ಗಾಳಿಯಲ್ಲಿ ಉಳಿದದ್ದು ಬೇರೆ, ಮರ ಕೊಟ್ಟದ್ದು ಬೇರೆ, ಆ ಕೊಟ್ಟದ್ದು ನಡುವೆ ಮಾಡಿದ ಕೆಲಸ ಬೇರೆ. ಈ ಮೂರನ್ನೂ ಬೇರೆ ಬೇರೆಯಾಗಿ ಎಣಿಸುವುದಕ್ಕೆ ಮೊದಲೇ ವ್ಯಾಜ್ಯ ರಾಜಕೀಯದ ಕಟ್ಟೆಯೇರಿತು.

೧೯೮೦ರ ಅಧ್ಯಕ್ಷ ಚುನಾವಣೆಯ ಕಾಲದಲ್ಲಿ ಅಭ್ಯರ್ಥಿ ರೊನಾಲ್ಡ್ ರೇಗನ್ ಅವರು, ವಾಯುಮಾಲಿನ್ಯದ ಸೇಕಡ ಎಂಬತ್ತರಷ್ಟು ಭಾಗ ಗಿಡಮರಗಳು ಬಿಡುವ ಹೈಡ್ರೊಕಾರ್ಬನ್ನುಗಳಿಂದ ಬರುತ್ತದೆ ಎಂಬ ಅಭಿಪ್ರಾಯ ಕೊಟ್ಟಿದ್ದರು. ಕಾರ್ಖಾನೆ ಮೋಟಾರುಗಳ ಮೇಲೆ ಅತಿ ಕಠಿಣವಾದ ನಿರ್ಬಂಧ ಬೇಡವೆಂಬುದು ಅದರ ಧ್ವನಿ. ಕ್ಯಾಲಿಫೋರ್ನಿಯದ ಕಾಲೇಜೊಂದರಲ್ಲಿ ಅವರು ಭಾಷಣ ಮಾಡಲು ಹೋದಾಗ, ಇನ್ನೊಂದು ಕೊಲೆ ಮಾಡುವ ಮೊದಲೇ ನನ್ನನ್ನು ಕಡಿದುಬಿಡಿ ಎಂದು ಮರವೇ ಬೇಡಿಕೊಳ್ಳುವ ಫಲಕವನ್ನು ವಿದ್ಯಾರ್ಥಿಗಳು ಮರಕ್ಕೆ ತೂಗುಹಾಕಿದ್ದರಂತೆ. ನಗೆಯೇನೋ ನಗೆಯೇ. ಸ್ವಾರಸ್ಯವೆಂದರೆ, ಇದೇ ರೇಗನ್ ಅವರು ಆ ರಾಜ್ಯದ ಗವರ್ನರರಾಗಿದ್ದಾಗಲೇ, ೧೯೬೭ರಲ್ಲಿ, ಅಲ್ಲಿನ ವಾಯುಮಾಲಿನ್ಯ ನಿಯಂತ್ರಣದ ಮಂಡಲಿ ಸ್ಥಾಪಿತವಾಗಿ, ಹಾಗೆನ್-ಸ್ಮಿಟ್ ಅದರ ಮೊದಲ ಅಧ್ಯಕ್ಷರಾಗಿದ್ದರು.

ಆ ಮಾತಿನ ಗತಿ ವಿಚಾರಯೋಗ್ಯವಾದದ್ದು. ಅದು ಪೂರ್ತಿ ಸುಳ್ಳಾಗಿದ್ದರೆ ಅಪಾಯ ಕಡಮೆಯಾಗಿರುತ್ತಿತ್ತು. ಮರಗಳು ಹೇರಳವಾಗಿ ಆವಿ ಬಿಡುತ್ತವೆ ಎಂಬುದು ನಿಜ. ಆದರೆ ಆವಿಯೇ ಮಾಲಿನ್ಯವಲ್ಲ. ಹೊಗೆ, ಗಂಧಕ, ಸಾರಜನಕದ ಆಕ್ಸೈಡುಗಳನ್ನೆಲ್ಲ ಬದಿಗೆ ಸರಿಸಿ ಹೈಡ್ರೊಕಾರ್ಬನ್ನನ್ನು ಮಾತ್ರ ಎಣಿಸಿದರೆ ಲೆಕ್ಕ ಮರದ ತಲೆಗೆ ಬರುವುದು ಸಹಜ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಎದುರುಪಕ್ಷದವರ ಉತ್ತರವೂ ಅರೆಬರೆಯಾಗಿತ್ತು. ನಗರದ ಗಾಳಿಯಲ್ಲಿ ಐಸೊಪ್ರೀನ್ ಸಿಕ್ಕುವುದು ಅತ್ಯಲ್ಪ, ಆದುದರಿಂದ ಓಜೋನಿನ ಲೆಕ್ಕದಲ್ಲಿ ಮರವನ್ನು ಮರೆಯಬಹುದು ಎಂದವರು ಅವರಲ್ಲಿದ್ದರು. ಕೆರೆಯಲ್ಲಿ ನಿಂತ ನೀರನ್ನಷ್ಟೇ ನೋಡಿದ ಮಾತಿದು. ಒಬ್ಬರು ಒಳಹರಿವನ್ನು ಮಾತ್ರ ಹಿಡಿದರು. ಇನ್ನೊಬ್ಬರು ಉಳಿದ ನೀರನ್ನು ಮಾತ್ರ.

ಈ ನಡುವೆ ನಿಜವಾದ ಕಷ್ಟವೊಂದು ಎದ್ದು ನಿಂತಿತ್ತು. ೧೯೭೦ರ ಶುದ್ಧವಾಯು ಶಾಸನದ ಮೇಲೆ ಅಮೆರಿಕದ ನಗರಗಳು ಓಜೋನನ್ನು ಇಳಿಸಲು ಮುಖ್ಯವಾಗಿ ಪೆಟ್ರೋಲು ಮುಂತಾದವುಗಳ ಆವಿಯನ್ನು ಕಡಮೆ ಮಾಡುತ್ತ ಬಂದಿದ್ದವು. ಮರಗಳು ವಿರಳವಾದ ಲಾಸ್ ಏಂಜಲೀಸಿನಲ್ಲಿ ಇದರಿಂದ ಫಲ ಸಿಕ್ಕಿತು. ಕಾಡಿನ ನಡುವೆ ಬೆಳೆದ ಅಟ್ಲಾಂಟದಂತಹ ನಗರಗಳಲ್ಲಿ ಎಣಿಸ��ದಷ್ಟು ಫಲ ಕಾಣಲಿಲ್ಲ. ಏಕೆ? ೧೯೮೮ರಲ್ಲಿ ವಿಲಿಯಂ ಶಮೈಡೀಸ್ ಮತ್ತು ಅವರ ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಅಟ್ಲಾಂಟದ ಲೆಕ್ಕವನ್ನೇ ತೆಗೆದು ಉತ್ತರ ಕೊಟ್ಟರು. ಅಲ್ಲಿಯ ಬೇಸಗೆಯಲ್ಲಿ ಮರಗಳ ಆವಿ ನಿರ್ಲಕ್ಷಿಸುವಂತಹುದಲ್ಲ. ಮನುಷ್ಯನು ತನ್ನ ಪಾಲಿನ ಆವಿಯನ್ನು ಕಡಮೆ ಮಾಡಿದರೂ ಮರಗಳ ಪಾಲು ಉಳಿದಿರುತ್ತದೆ. ಮದುವೆಗೆ ವಧು ಸದಾ ಸಿದ್ಧಳಾಗಿಯೇ ಇದ್ದಾಳೆ. ಹಾಗಾದರೆ ತಡೆಯಬೇಕಾದ್ದು ವರನನ್ನು, ಅಂದರೆ ಎಂಜಿನ್ನು ಮತ್ತು ವಿದ್ಯುದಾಗಾರಗಳಿಂದ ಬರುವ ಸಾರಜನಕದ ಆಕ್ಸೈಡುಗಳನ್ನು. ೧೯೯೧ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನ ಮಂಡಲಿಯ ವರದಿಯೂ ಈ ಮಾತಿಗೆ ಒತ್ತುಕೊಟ್ಟಿತು. ೧೯೯೮ರಲ್ಲಿ ಆ ದೇಶದ ಪೂರ್ವಭಾಗದ ರಾಜ್ಯಗಳು ಈ ಆಕ್ಸೈಡುಗಳನ್ನು ಇಳಿಸಬೇಕೆಂಬ ನಿಯಮ ಬಂದಿತು.

ನನಗೆ ಈ ಚರಿತ್ರೆಯ ತಿರುಳು ಇಲ್ಲಿಯೇ ಇದೆ ಎನಿಸುತ್ತದೆ. ಮರದ ಪಕ್ಷ ವಹಿಸಿದವರು, ಮರ ಏನನ್ನೂ ಬಿಡುವುದಿಲ್ಲ ಎಂದು ಸಾಧಿಸಿ ಅದನ್ನು ಉಳಿಸಲಿಲ್ಲ. ಅಳತೆ ಸರಿಯಾದಷ್ಟೂ ಮರದ ಪಾಲು ಹೆಚ್ಚುತ್ತಲೇ ಹೋಯಿತು. ಆದರೂ ತೀರ್ಪು ಮೋಟಾರಿನ ಮೇಲೆಯೇ ಬಂದಿತು, ಮೊದಲಿಗಿಂತ ಗಟ್ಟಿಯಾಗಿ ಬಂದಿತು. ಕಾಡು ಮನುಷ್ಯನಿಗಿಂತ ಎಷ್ಟೋ ಮೊದಲಿನಿಂದ ಹೀಗೆ ಉಸಿರಾಡುತ್ತಿದೆ. ಆಕ್ಸೈಡುಗಳು ತೀರ ವಿರಳವಾದ ಕಾಡಿನ ಗಾಳಿಯಲ್ಲಿ ಈ ಆವಿಗಳು ಓಜೋನನ್ನು ಹೆಚ್ಚಿಸುವ ಬದಲು ಸವೆಸುವುದೂ ಉಂಟು. ಅದೇ ಉಸಿರು ನಗರದ ಹೊಗೆಗೆ ಕೂಡಿದಾಗ ವಿಷಕ್ಕೆ ಸಾಮಗ್ರಿಯಾಗುತ್ತದೆ. ಸೌದೆ ಮನೆಯಲ್ಲಿ ಮೊದಲಿನಿಂದಲೂ ಇದ್ದಿತು. ಕಿಡಿ ತಂದವರು ನಾವು.

ಅನಂತರ ತಕ್ಕಡಿಗಳು ಬಹಳ ಸೂಕ್ಷ್ಮವಾದವು. ಆಸ್ಟ್ರಿಯದ ಇನ್ಸ್‌ಬ್ರುಕ್ಕಿನಲ್ಲಿ ೧೯೯೦ರ ದಶಕದಲ್ಲಿ ವೆರ್ನರ್ ಲಿಂಡಿಂಗರ್ ಮತ್ತು ಸಂಗಡಿಗರು ರೂಪಿಸಿದ ಯಂತ್ರ, ಗಾಳಿಯನ್ನು ನಳಿಗೆಯಲ್ಲಿ ಕೂಡಿಡದೆ ನಿಂತ ನಿಲುವಿನಲ್ಲಿಯೇ ಕ್ಷಣಕ್ಷಣಕ್ಕೂ ಅಳೆಯುತ್ತದೆ. ಬ್ರೆಜಿಲಿನ ಅಮೆಜಾನ್ ಕಾಡಿನಲ್ಲಿ ೩೨೫ ಮೀಟರ್ ಎತ್ತರದ ಗೋಪುರವೊಂದು ೨೦೧೫ರಲ್ಲಿ ಎದ್ದು ನಿಂತು, ಮರಗಳ ತಲೆಯ ಮೇಲಣ ಗಾಳಿಯನ್ನು ಅಳೆಯಲು ಅನುವಾಯಿತು. ಐಸೊಪ್ರೀನ್ ಒಡೆದು ಹುಟ್ಟುವ ಫಾರ್ಮಾಲ್ಡಿಹೈಡನ್ನು ಉಪಗ್ರಹಗಳು ಮೇಲಿನಿಂದ ಕಂಡು, ಕೆಳಗಿನ ಕಾಡಿನ ಲೆಕ್ಕ ಹೇಳತೊಡಗಿದವು. ಅಲೆಕ್ಸ್ ಗೆಂತರ್ ಮತ್ತು ಸಂಗಡಿಗರು ೨೦೧೨ರಲ್ಲಿ ಕೊಟ್ಟ ಲೆಕ್ಕದಂತೆ ಲೋಕದ ಸಸ್ಯಗಳು ವರ್ಷಕ್ಕೆ ಬಿಡುವ ಆವಿ ಸುಮಾರು ೧೦೦ ಕೋಟಿ ಟನ್ನು. ಅದರಲ್ಲಿ ಸರಿಸುಮಾರು ಅರ್ಧ ಐಸೊಪ್ರೀನ್. ಮೀಥೇನನ್ನು ಬಿಟ್ಟರೆ, ಮನುಷ್ಯನ ಉದ್ಯಮಗಳೂ ವಾಹನಗಳೂ ಬಿಡುವ ಇಂತಹ ಆವಿಗಳಿಗಿಂತ ಇದು ಹಲವು ಪಟ್ಟು ಹೆಚ್ಚು. ಟರ್ಪೀನುಗಳು ಮಾರ್ಪಟ್ಟು ಸೂಕ್ಷ್ಮ ಕಣಗಳಾಗುವ ಬಗೆಯನ್ನೂ ವಿಜ್ಞಾನಿಗಳು ಫಿನ್ಲೆಂಡಿನ ಪೈನ್ ಕಾಡುಗಳಲ್ಲಿ ಬಿಡಿಸಿ ತೋರಿಸಿದ್ದಾರೆ. ವೆಂಟ್ ಮಹಾಶಯರ ನೀಲಿ ಮಬ್ಬಿನ ಊಹೆ ಬುಡದಲ್ಲಿ ನಿಜವಾಗಿತ್ತು. ಅವರ ಅಂಕಿ ಮಾತ್ರ ತೀರ ಸಣ್ಣದಾಗಿತ್ತು.

ಈ ಜ್ಞಾನದಿಂದ ಊರಿನವರಿಗೇನು ಪ್ರಯೋಜನ ಎಂದು ಕೇಳಬಹುದು. ಮರಗಳೆಲ್ಲ ಒಂದೇ ಅಲ್ಲವೆಂಬುದೇ ಮೊದಲ ಪ್ರಯೋಜನ. ೧೯೯೬ರಲ್ಲಿ ಕ್ಯಾಲಿಫೋರ್ನಿಯದ ಸಂಶೋಧಕರು ನೂರಾರು ಜಾತಿಯ ಮರಗಿಡಗಳನ್ನು ಅವು ಬಿಡುವ ಆವಿಯ ಪ್ರಮಾಣದಂತೆ ಪಟ್ಟಿಮಾಡಿದರು. ನೆರಳು ಒಂದೇ ಆದರೂ, ಬೀದಿಯ ಬದಿಗೆ ಯಾವುದನ್ನು ನೆಟ್ಟರೆ ಒಳಿತು ಎಂಬುದನ್ನು ಅದರಿಂದ ತೂಗಿ ನೋಡಬಹುದು. ನಮ್ಮ ರಾಜ್ಯದಲ್ಲಿ ನೀಲಗಿರಿಯನ್ನು ಹೊಸದಾಗಿ ನೆಡಕೂಡದೆಂದು ೨೦೧೭ರಲ್ಲಿ ಸರ್ಕಾರ ಆಜ್ಞೆ ಮಾಡಿದ್ದು ಅಂತರ್ಜಲದ ಕಾರಣದಿಂದ. ಗಾಳಿಯ ವಿಷಯ ಅಲ್ಲಿ ಬರಲಿಲ್ಲ. ವಾಹನಗಳು ತುಂಬಿದ ಬಿಸಿಲ ನಗರದಲ್ಲಿ ಸಾಲುಮರಗಳನ್ನು ಆರಿಸುವಾಗ ಅದೂ ಬರಬೇಕಾದ ವಿಷಯವೇ. ಆದರೆ ಆರಿಸುವುದು ಬೇರೆ, ಕಡಿಯುವುದು ಬೇರೆ. ಮರ ಕೊಡುವ ತಂಪು ತಾನಾಗಿಯೇ ಗಾಳಿಯ ಬಿಸಿಯನ್ನು ಇಳಿಸುತ್ತದೆ. ಬಿಸಿ ಇಳಿದರೆ ಓಜೋನಿನ ಹುಟ್ಟೂ ತಗ್ಗುತ್ತದೆ. ಒಂದು ಮರವನ್ನು ಉರುಳಿಸಿ ಆ ಜಾಗದಲ್ಲಿ ನಾಲ್ಕು ಮೋಟಾರು ನಿಲ್ಲಿಸಿದರೆ ಗಾಳಿಯ ಲೆಕ್ಕದಲ್ಲಿ ಲಾಭವೆಂದು ತೋರಿಸಬಲ್ಲ ಅಳತೆಯನ್ನು ನಾನಂತೂ ಎಲ್ಲಿಯೂ ಓದಿಲ್ಲ.

ಮರದ ಮೇಲೆ ದೂರು ತರುವವರೂ ಇರುತ್ತಾರೆ, ಮರದಿಂದ ಬಂದದ್ದೆಲ್ಲ ಅಮೃತವೆನ್ನುವವರೂ ಇರುತ್ತಾರೆ. ಇಬ್ಬರನ್ನೂ ಕೇಳಬೇಕಾದ ಪ್ರಶ್ನೆಗಳು ಒಂದೇ. ಯಾವ ಮರ? ಹಗಲೋ ಇರುಳೋ? ಕೊಂಬೆಯಲ್ಲಿ ಅಳೆದದ್ದೋ, ಗಾಳಿಯಲ್ಲಿ ಉಳಿದದ್ದೋ? ಅದರ ಜೊತೆಗೆ ಆ ಗಾಳಿಯಲ್ಲಿ ಇನ್ನೇನಿತ್ತು? ಈ ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕುವುದು ಸಾಮಾನ್ಯವಾಗಿ ಮರದ ಮೇಲಲ್ಲ. ಅದರ ಕೆಳಗೆ ಹಾದುಹೋಗುವ ರಸ್ತೆಯಲ್ಲಿ.